ಯಜಮಾನರಿಗೆ ಕೋರ್ಸ್ ಬಂದಿದೆ: ಜೊತೆಗೆ ಹೋಗುವುದೋ, ಇದ್ದಲ್ಲೇ ಇರುವುದೋ, ಊರಿಗೆ ಮರಳುವುದೋ?

ಕಾರವಾರದ ಅಮದಳ್ಳಿ, ಅರ್ಗಾ ಸುತ್ತಲಿನ ನೌಕಾಪಡೆ ಕ್ವಾರ್ಟರ್ಸ್‌ಗಳಲ್ಲಿ ವರ್ಷದ ಯಾವ ತಿಂಗಳು ನೋಡಿದರೂ ಒಂದೆರಡು ಮನೆಗಳಲ್ಲಿ ಈ ಚರ್ಚೆ ನಡೆಯುತ್ತಲೇ ಇರುತ್ತದೆ. ಯಜಮಾನರಿಗೆ ಕೋರ್ಸ್ ಬಂದಿದೆ. ಕೆಲವು ತಿಂಗಳ ತರಬೇತಿಗೆಂದು ಕೊಚ್ಚಿಗೆ, ಇಲ್ಲವೇ ಲೋನಾವಳಕ್ಕೆ, ಇಲ್ಲವೇ ದೂರದ ಜಾಮ್‌ನಗರಕ್ಕೆ ಹೋಗಬೇಕು. ಅವರ ಹೆಸರು, ನಂಬರು ಬರೆದ ಕಪ್ಪು ಟ್ರಂಕು ತುಂಬಲು ಒಂದು ಸಂಜೆ ಸಾಕು. ಹೆಂಡತಿಯ ಲೆಕ್ಕಾಚಾರ ಅಷ್ಟು ಬೇಗ ಮುಗಿಯುವುದಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಜೊತೆಗೆ ಹೋಗುವುದೋ, ಕ್ವಾರ್ಟರ್ಸ್‌ನಲ್ಲೇ ಉಳಿಯುವುದೋ, ಅತ್ತೆಯ ಮನೆಗೋ ತವರಿಗೋ ಹೋಗುವುದೋ, ಬೆಳಗಾವಿ ಧಾರವಾಡದಂತಹ ಊರಿನಲ್ಲಿ ಬೇರೆ ಮನೆ ಮಾಡುವುದೋ?

ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಪಕ್ಕದ ಮನೆಯ ಭಾಭಿ ‘ಹೇಗೂ ಹಡಗಿನಲ್ಲಿದ್ದಾಗ ಸಿಗುವುದಿಲ್ಲ, ಕೋರ್ಸ್‌ನಲ್ಲಾದರೂ ಜೊತೆಗಿರು’ ಎನ್ನುತ್ತಾರೆ. ಅತ್ತೆ ‘ಐದು ತಿಂಗಳಿಗೆ ಯಾರಾದರೂ ಮನೆ ಕಿತ್ತುಕೊಂಡು ಹೋಗುತ್ತಾರೆಯೇ’ ಎನ್ನುತ್ತಾರೆ. ಇಬ್ಬರೂ ತಾವು ಕಂಡದ್ದನ್ನೇ ಹೇಳುತ್ತಿದ್ದಾರೆ, ಆದರೆ ಇಬ್ಬರೂ ನಿಮ್ಮ ಮನೆಯವರ ಮೂವ್‌ಮೆಂಟ್ ಆರ್ಡರ್, ಅಂದರೆ ಕೋರ್ಸ್‌ಗೆ ಕಳುಹಿಸುವ ಆದೇಶ, ಓದಿಲ್ಲ.

ನನ್ನ ಒಲವನ್ನು ಮೊದಲೇ ಹೇಳಿಬಿಡುತ್ತೇನೆ. ಕೋರ್ಸ್ ನಡೆಯುವ ಊರು ಹೇಗಿದೆ ಎಂದು ನೋಡಿ ತೀರ್ಮಾನಿಸುವವರೇ ಹೆಚ್ಚು. ನಾನಾದರೆ ಕೋರ್ಸ್ ಮುಗಿದ ಮೇಲೆ ಡ್ರಾಫ್ಟ್, ಅಂದರೆ ಮುಂದಿನ ಪೋಸ್ಟಿಂಗ್, ಎಲ್ಲಿಗೆ ಎಂಬುದನ್ನು ಮೊದಲು ಕೇಳುತ್ತೇನೆ. ಮನೆ ಸಾಗಿಸುವುದಾದರೆ ಒಂದೇ ಸಲ ಸಾಗಿಸಬೇಕು. ಎರಡು ಸಲ ಸಾಗಿಸುವ ಸಂಸಾರಕ್ಕೆ ಖರ್ಚಿಗಿಂತ ಹೆಚ್ಚು ಪೆಟ್ಟು ಬೀಳುವುದು ಮಕ್ಕಳ ಶಾಲೆಗೆ.

ಇನ್ನೊಂದು ವಿಷಯವನ್ನೂ ಇಲ್ಲೇ ಮುಗಿಸಿಬಿಡೋಣ. ಮಗಳಿಗೆ ನೇವಿ ಹುಡುಗ ಗೊತ್ತಾಗಿದ್ದಾನೆ, ಅವನ ತರಬೇತಿಯಲ್ಲಿ ಅವಳೂ ಜೊತೆಗಿರಬಹುದೇ ಎಂದು ಕೇಳುವ ತಾಯಂದಿರಿದ್ದಾರೆ. ಹೊಸದಾಗಿ ಸೇರಿದವರ ಮೂಲ ತರಬೇತಿ ನಡೆಯುವುದು ಒಡಿಶಾದ ಚಿಲಿಕಾ ಸರೋವರದ ದಡದಲ್ಲಿರುವ ಐಎನ್‌ಎಸ್ ಚಿಲ್ಕಾ ಎಂಬ ತರಬೇತಿ ನೆಲೆಯಲ್ಲಿ. 2022ರಲ್ಲಿ ಅಗ್ನಿಪಥ ಬಂದ ಮೇಲೆ ಸೇರುವವರು ಅವಿವಾಹಿತರಾಗಿರಬೇಕು, ನಾಲ್ಕು ವರ್ಷದ ಅಗ್ನಿವೀರ ಅವಧಿ ಮುಗಿಯುವವರೆಗೆ ಮದುವೆಯಾಗುವಂತೆಯೂ ಇಲ್ಲ. ಆದ್ದರಿಂದ ಅಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ನಾನು ಬರೆಯುತ್ತಿರುವುದು ಕಾಯಂ ಸೇವೆಯಲ್ಲಿರುವ ಲೀಡಿಂಗ್, ಪೆಟ್ಟಿ ಆಫೀಸರ್, ಚೀಫ್ ದರ್ಜೆಯವರ ಹೆಂಡತಿಯರಿಗಾಗಿ. ಬಡ್ತಿಗಾಗಿಯೋ, ವೃತ್ತಿಯ ವಿಶೇಷ ಪರಿಣತಿಗಾಗಿಯೋ ಮತ್ತೆ ತರಗತಿಯಲ್ಲಿ ಕೂರಬೇಕಾಗಿ ಬರುವುದು ಅವರಿಗೆ.

ಯಾವುದನ್ನು ತೂಗಬೇಕು

ಮೊದಲನೆಯದು ಕಾಗದ. ಕೋರ್ಸ್‌ಗೆ ಕಳುಹಿಸುವ ಆದೇಶದಲ್ಲಿ ಅದು ತಾತ್ಕಾಲಿಕ ಡ್ಯೂಟಿಯೋ, ಕಾಯಂ ವರ್ಗಾವಣೆಯೋ ಎಂದು ನೋಡಿ. ಸಾಮಾನ್ಯವಾಗಿ 180 ದಿನ ಇದರ ಗಡಿ. ಅದರೊಳಗಿನದು ತಾತ್ಕಾಲಿಕ, ಅದನ್ನು ದಾಟಿದ್ದು ವರ್ಗಾವಣೆ. ಈ ಒಂದು ಸಾಲಿನ ಮೇಲೆ ಬಹಳಷ್ಟು ನಿಂತಿದೆ. ತಾತ್ಕಾಲಿಕವಾದರೆ ಅವರ ಹೆಸರು ಹಳೆಯ ಹಡಗಿನ ಅಥವಾ ನೆಲೆಯ ಪಟ್ಟಿಯಲ್ಲೇ ಇರುತ್ತದೆ. ಮನೆ ಬಾಡಿಗೆ ಭತ್ಯೆ ಹಳೆಯ ಊರಿನ ದರದಲ್ಲೇ ಬರುತ್ತದೆ. ಸಂಸಾರ ಸಾಗಿಸುವ ಖರ್ಚು ಸರ್ಕಾರದ್ದಲ್ಲ, ನಿಮ್ಮದು. ಕಾಯಂ ವರ್ಗಾವಣೆಯಾದರೆ ಕುಟುಂಬದ ಪ್ರಯಾಣ, ಸಾಮಾನು ಸಾಗಣೆ ಸಿಗುತ್ತದೆ, ಜೊತೆಗೆ ಮೂಲ ವೇತನದ 80 ಶೇಕಡದಷ್ಟು ವರ್ಗಾವಣೆ ಅನುದಾನವೂ ಬರುತ್ತದೆ. ಮೂಲ ವೇತನ 35,000 ಇದ್ದವರಿಗೆ ಅದು 28,000 ರೂಪಾಯಿ.

ಬಾಡಿಗೆ ಭತ್ಯೆಯ ವಿಷಯವನ್ನೂ ಹೇಳುತ್ತೇನೆ, ಏಕೆಂದರೆ ಇದರಲ್ಲಿ ತಪ್ಪು ಕಲ್ಪನೆ ಜಾಸ್ತಿ. 2024ರ ಜನವರಿಯಿಂದ ಈ ಭತ್ಯೆ ಎಕ್ಸ್, ವೈ, ಝಡ್ ಎಂಬ ಮೂರು ಬಗೆಯ ಊರುಗಳಿಗೆ ಕ್ರಮವಾಗಿ ಮೂಲ ವೇತನದ 30, 20, 10 ಶೇಕಡ. ಮುಂಬೈ ಎಕ್ಸ್. ಕೊಚ್ಚಿ, ವಿಶಾಖಪಟ್ಟಣ, ಜಾಮ್‌ನಗರ ವೈ. ನಮ್ಮ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಮೈಸೂರು ಕೂಡ ವೈ. ಕಾರವಾರ ಝಡ್. 35,000ಕ್ಕೆ ಕಾರವಾರದ ದರ 3,500, ಕೊಚ್ಚಿಯ ದರ 7,000. ಕಾರವಾರದಲ್ಲಿ ಹೆಸರಿರುವವರು ಐದು ತಿಂಗಳ ಕೋರ್ಸ್‌ಗೆ ಕೊಚ್ಚಿಗೆ ಹೋಗಿ ಮನೆ ಮಾಡಿದರೆ ಕೊಚ್ಚಿಯ ಬಾಡಿಗೆ ಕೊಡಬೇಕು, ಕಾರವಾರದ ಭತ್ಯೆ ತೆಗೆದುಕೊಳ್ಳಬೇಕು. ಕ್ವಾರ್ಟರ್ಸ್ ಬಿಡದೆ ಹೋದರೆ ಅದೂ ಇಲ್ಲ, ಕ್ವಾರ್ಟರ್ಸ್ ಇಟ್ಟುಕೊಂಡವರಿಗೆ ಬಾಡಿಗೆ ಭತ್ಯೆ ಸಿಗುವುದಿಲ್ಲ.

ಎರಡನೆಯದು ಸಂಜೆಗಳು. ಇದನ್ನು ಯಾರೂ ಲೆಕ್ಕ ಹಾಕುವುದಿಲ್ಲ, ನನಗೆ ಇದೇ ಮುಖ್ಯ ಎನ್ನಿಸುತ್ತದೆ. ತರಬೇತಿ ನೆಲೆಯೆಂದರೆ ಕಚೇರಿಯಲ್ಲ. ಮುಂಜಾನೆ ಪರೇಡು, ದಿನವಿಡೀ ತರಗತಿ, ವರ್ಕ್‌ಶಾಪು, ಸರದಿಯಂತೆ ಡ್ಯೂಟಿ, ವಾರಕ್ಕೊಂದು ಪರೀಕ್ಷೆ. ಮನೆಯಲ್ಲಿ ಮಲಗಬೇಕಾದರೆ ಲಿವಿಂಗ್ ಔಟ್ ಅನುಮತಿ ಬೇಕು. ಅದು ಕೋರ್ಸ್‌ನಿಂದ ಕೋರ್ಸ್‌ಗೆ, ನೆಲೆಯಿಂದ ನೆಲೆಗೆ ಬೇರೆ. ಒಂದು ಲೆಕ್ಕ ಹಾಕಿ ನೋಡಿ. ಬಾಡಿಗೆ ತಿಂಗಳಿಗೆ 12,000 ಎಂದಿಟ್ಟುಕೊಳ್ಳಿ. ಸಾಮಾನು ಹೋಗಿ ಬರುವುದಕ್ಕೆ 40,000. ಐದು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,000, ಒಟ್ಟು 20,000. ತಿಂಗಳಲ್ಲಿ ಇಪ್ಪತ್ತು ಸಂಜೆ ಅವರು ಮನೆಗೆ ಬಂದರೆ ಒಂದು ಸಂಜೆಗೆ ಸಾವಿರ ರೂಪಾಯಿ ಬಿತ್ತು. ಶನಿವಾರ ಭಾನುವಾರ ಮಾತ್ರ ಬಿಡುತ್ತಾರೆಂದರೆ ಎಂಟು ಸಂಜೆ, ಒಂದೊಂದಕ್ಕೆ ಎರಡೂವರೆ ಸಾವಿರ. ಸಾವಿರ ಕೊಟ್ಟು ಆ ಸಂಜೆ ಕೊಳ್ಳುವುದು ದುಬಾರಿಯೇನಲ್ಲ ಎನ್ನುವ ಹೆಂಗಸರಿದ್ದಾರೆ, ಅದರಲ್ಲೂ ಹಿಂದಿನ ವರ್ಷವಿಡೀ ಗಂಡ ಸಮುದ್ರದಲ್ಲಿದ್ದರೆ. ಅವರೊಡನೆ ನನ್ನ ತಕರಾರಿಲ್ಲ. ಎಂಟು ಸಂಜೆಗೆ ಕೊಳ್ಳುತ್ತಿದ್ದೇನೆ ಎಂದು ಗೊತ್ತಿಲ್ಲದೆ ಕೊಳ್ಳುವವರನ್ನು ನೋಡಿದಾಗ ಮಾತ್ರ ಹೊಟ್ಟೆ ಉರಿಯುತ್ತದೆ.

ಮೂರನೆಯದು ಮುಂದಿನ ಡ್ರಾಫ್ಟ್. ನಾವಿಕರ ಡ್ರಾಫ್ಟ್ ನಿರ್ಧರಿಸುವುದು ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ಬ್ಯೂರೋ ಆಫ್ ಸೇಲರ್ಸ್. ಕೋರ್ಸ್ ಶುರುವಾಗುವಾಗ ಮುಂದೆ ಎಲ್ಲಿಗೆ ಎಂದು ಖಚಿತವಾಗಿ ಗೊತ್ತಿರುವುದು ಅಪರೂಪ, ಆದರೆ ಅಂದಾಜಂತೂ ಸಿಗುತ್ತದೆ. ಅದೇ ಕೋರ್ಸಿನ ಹಿಂದಿನ ತಂಡದವರು ಈಗ ಎಲ್ಲಿದ್ದಾರೆ ಎಂದು ಯಜಮಾನರಿಂದ ಕೇಳಿಸಿ. ಹೆಚ್ಚಿನವರು ಹಳೆಯ ನೆಲೆಗೇ ಮರಳಿದ್ದರೆ ಮನೆ ಅಲುಗಾಡಿಸದಿರುವುದೇ ಲೇಸು. ಹೊಸ ಕಡೆಗೆ ಹೋಗಿದ್ದರೆ ಸಾಮಾನು ನೇರವಾಗಿ ಆ ಊರಿಗೇ ಸಾಗಲಿ.

ನಾಲ್ಕನೆಯದು ಮಕ್ಕಳ ತರಗತಿ. ಐದನೆಯದು ನಿಮ್ಮ ಕೆಲಸ, ನಿಮ್ಮ ಆರೋಗ್ಯ, ಮನೆಯ ಹಿರಿಯರು. ಈ ಎರಡನ್ನು ಬೇರೆ ವಿವರಿಸುವುದಿಲ್ಲ, ಒಂದೊಂದು ಆಯ್ಕೆಯನ್ನು ನೋಡುವಾಗ ಬಂದೇ ಬರುತ್ತವೆ.

ಜೊತೆಗೆ ಹೋಗುವುದು

ಊರು ಯಾವುದು ಎಂಬುದು ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕಾರವಾರದಿಂದ ಹೋಗುವವರಲ್ಲಿ ಬಹಳಷ್ಟು ಮಂದಿಗೆ ಕೋರ್ಸ್ ಕೊಚ್ಚಿಯಲ್ಲಿ. ನೌಕಾಪಡೆಯ ತರಬೇತಿಯನ್ನು ನೋಡಿಕೊಳ್ಳುವ ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿ ಇರುವುದೇ ಅಲ್ಲಿ. ಐಎನ್‌ಎಸ್ ವೆಂದುರುತಿಯ ಆವರಣದಲ್ಲಿ ಹಲವು ಶಾಲೆಗಳಿವೆ. ವಿಮಾನ ವಿಭಾಗದವರಿಗೆ ಐಎನ್‌ಎಸ್ ಗರುಡ, ತೋಪು ಕ್ಷಿಪಣಿಯವರಿಗೆ ಫೋರ್ಟ್ ಕೊಚ್ಚಿಯ ಐಎನ್‌ಎಸ್ ದ್ರೋಣಾಚಾರ್ಯ. ಮನೆ ಹುಡುಕುವವರು ಇದನ್ನು ಮೊದಲು ಗಮನಿಸಬೇಕು, ಮುಖ್ಯ ನೆಲೆ ಒಂದು ಕಡೆ, ದ್ರೋಣಾಚಾರ್ಯ ಇನ್ನೊಂದು ಕಡೆ. ದ್ರೋಣಾಚಾರ್ಯದ ಕೋರ್ಸ್‌ಗೆ ತೇವರದಲ್ಲಿ ಮನೆ ಮಾಡಿದರೆ ದಿನಾ ಸೇತುವೆ ದಾಟುವ ವಾಹನಗಳ ನಡುವೆ ಅವರ ಸಂಜೆ ಕಳೆಯುತ್ತದೆ. ತೋಪ್ಪುಂಪಡಿ ಕಡೆ ನೋಡುವುದು ವಾಸಿ. ಬಾಡಿಗೆ ಕೇಳುವ ಮೊದಲು ನೀರು ಕೇಳಿ. ಪಶ್ಚಿಮ ಕೊಚ್ಚಿಯಲ್ಲಿ ಬೇಸಿಗೆ ಬಂತೆಂದರೆ ಕುಡಿಯುವ ನೀರಿನ ತಾಪತ್ರಯ. ನಲ್ಲಿ ತಿರುಗಿಸಿ ನೋಡಿ, ಬಾಯಿಗೆ ಹಾಕಿ ನೋಡಿ, ಬಾವಿಯ ನೀರು ಉಪ್ಪಾಗಿದ್ದರೆ ತಿಂಗಳಿಗೆ ಎಷ್ಟು ಕ್ಯಾನ್ ತರಿಸಬೇಕೆಂದು ಆಗಲೇ ಲೆಕ್ಕ ಹಾಕಿ.

ಕೊಚ್ಚಿಯಲ್ಲಿ ಭಾಷೆಯ ಭಯ ಬೇಡ. ಮಟ್ಟಾಂಚೇರಿ, ಚೆರ್ಲಾಯಿ ಸುತ್ತಮುತ್ತ ಕೊಂಕಣಿ ಮನೆಗಳು ಬೇಕಾದಷ್ಟಿವೆ, ಕಾರವಾರದ ಕಡೆಯವರು ತಮ್ಮ ಮನೆಮಾತಿನಲ್ಲೇ ತರಕಾರಿ ಕೊಳ್ಳಬಹುದು. ನೌಕಾಪಡೆಯ ಆಸ್ಪತ್ರೆ ಐಎನ್‌ಎಚ್‌ಎಸ್ ಸಂಜೀವನಿ ಅಲ್ಲಿಯೇ ಇದೆ. ಕಾರವಾರದಿಂದ ಎರ್ನಾಕುಳಂಗೆ ನೇರ ರೈಲುಗಳಿವೆ, ಒಂದು ರಾತ್ರಿಯ ದಾರಿ. ಇದೇ ಕಾರಣಕ್ಕೆ ಕೊಚ್ಚಿಗೆ ಮನೆ ಸಾಗಿಸಲು ನಾನು ಅವಸರಪಡುವುದಿಲ್ಲ. ಹೋಗಿ ಬರುವುದು ಸುಲಭವಾಗಿರುವ ಊರಿಗೆ ಹಂಡೆ, ಹಾಸಿಗೆ ಹೊತ್ತುಕೊಂಡು ಹೋಗಬೇಕಿಲ್ಲ.

ಲೋನಾವಳದ ಕಥೆ ಬೇರೆ. ಎಂಜಿನಿಯರಿಂಗ್ ವಿಭಾಗದವರು ಹೋಗುವ ಐಎನ್‌ಎಸ್ ಶಿವಾಜಿ ಇರುವುದು ಭುಶಿ ಅಣೆಕಟ್ಟಿನ ದಾರಿಯಲ್ಲಿ. ಮುಂಬೈ ಪುಣೆಯ ಪ್ರವಾಸಿಗರು ವಾರಾಂತ್ಯಕ್ಕೆ ಬಂದಿಳಿಯುವ ಊರು, ಸಣ್ಣ ಸಂಸಾರಕ್ಕೆ ತಕ್ಕ ಬಾಡಿಗೆ ಮನೆಗಿಂತ ಪ್ರವಾಸಿ ಬಂಗಲೆಗಳೇ ಹೆಚ್ಚು. ಮಳೆಗಾಲದ ಭಾನುವಾರ ಆ ರಸ್ತೆಯಲ್ಲಿ ಕಾರುಗಳು ಸಾಲುಗಟ್ಟಿ ನಿಂತಿರುತ್ತವೆ, ಅವರಿಗೆ ಬಿಡುವಿರುವ ದಿನವೂ ಅದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೋರ್ಸಾದರೆ ಮಕ್ಕಳ ಯೂನಿಫಾರ್ಮ್ ಒಣಗುವುದಿಲ್ಲ, ಚರ್ಮದ ಬೆಲ್ಟು, ಬೂಟುಗಳಿಗೆ ಎರಡು ದಿನಕ್ಕೆ ಬೂಷ್ಟು. ಆದರೂ ಬೆಳಗಾವಿ, ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಲೋನಾವಳ ಒಗ್ಗುತ್ತದೆ. ಮರಾಠಿ ಬರುತ್ತದೆ, ಕೊಲ್ಹಾಪುರ ಸಾತಾರಾ ಮೇಲೆ ಹೆದ್ದಾರಿ ಹಿಡಿದರೆ ಒಂದು ದಿನದೊಳಗೆ ಮನೆ. ಪುಣೆಗೆ ಲೋಕಲ್ ರೈಲು ಇದೆ. ಕಾಯಂ ವರ್ಗಾವಣೆಯ ದೀರ್ಘ ಕೋರ್ಸಾಗಿ ಕ್ವಾರ್ಟರ್ಸ್ ಸಿಗುವ ಭರವಸೆಯಿದ್ದರೆ ಹೋಗಿ. ಹೊರಗೆ ಬಾಡಿಗೆ ಹುಡುಕಿಕೊಂಡು ಹೋಗಬೇಡಿ.

ಜಾಮ್‌ನಗರದ ಐಎನ್‌ಎಸ್ ವಾಲ್ಸುರ ಎಲೆಕ್ಟ್ರಿಕಲ್ ವಿಭಾಗದವರ ಶಾಲೆ. ಬಾಡಿಗೆ ಕಡಿಮೆ, ಊರು ಶಾಂತ, ಮೂರೂ ಪಡೆಗಳ ನೆಲೆಗಳಿರುವುದರಿಂದ ಸೈನಿಕರ ಸಂಸಾರ ಆ ಊರಿಗೆ ಹೊಸದಲ್ಲ. ತೊಡಕೆಂದರೆ ದೂರ. ಕೊಂಕಣ ರೈಲ್ವೆಯ ಮೂಲಕ ಹೋಗುವ ಗಾಡಿಗಳು ದಿನಾ ಇಲ್ಲ, ಊರಿನಲ್ಲಿ ಯಾರಿಗಾದರೂ ಹುಷಾರಿಲ್ಲವೆಂದರೆ ಆ ರಾತ್ರಿಯೇ ಹೊರಟು ಬರುವ ಮಾತೇ ಇಲ್ಲ. ಹಾಗಿದ್ದರೂ ನನ್ನ ಪ್ರಕಾರ ಇದು ತಿರುವುಮುರುವಾದ ಪ್ರಕರಣ. ಹೋಗಿ ಬರುವುದು ಕಷ್ಟವಾದ್ದರಿಂದಲೇ ದೀರ್ಘ ಕೋರ್ಸಿಗೆ ಜೊತೆಗೆ ಹೋಗುವುದರಲ್ಲಿ ಅರ್ಥವಿದೆ. ನಡುವೆ ಭೇಟಿ ಎಂಬ ಮೂರನೆಯ ದಾರಿ ಅಲ್ಲಿ ಬಹುತೇಕ ಮುಚ್ಚಿರುತ್ತದೆ.

ಮುಂಬೈಯ ಮಲಾಡ್‌ನಲ್ಲಿರುವ ಐಎನ್‌ಎಸ್ ಹಮ್ಲಾಕ್ಕೆ, ಅಂದರೆ ಲಾಜಿಸ್ಟಿಕ್ಸ್ ಕೋರ್ಸಿಗೆ, ಬಾಡಿಗೆ ಮನೆಯ ಯೋಚನೆಯನ್ನೇ ಬಿಡಿ. ಕ್ವಾರ್ಟರ್ಸ್ ಸಿಕ್ಕರೆ ಸರಿ.

ವಿಶಾಖಪಟ್ಟಣದ ಐಎನ್‌ಎಸ್ ಶಾತವಾಹನ ಮಾತ್ರ ನನ್ನ ನಿಯಮಕ್ಕೆ ಪೂರ್ತಿ ಹೊಂದುವ ಕಡೆ. ಅದು ಜಲಾಂತರ್ಗಾಮಿ ಶಾಲೆ. ಜಲಾಂತರ್ಗಾಮಿ ನೆಲೆಗಳಿರುವುದು ವಿಶಾಖಪಟ್ಟಣದಲ್ಲಿ ಮತ್ತು ಮುಂಬೈಯಲ್ಲಿ. ಆದ್ದರಿಂದ ಕೋರ್ಸ್ ನಡೆದ ಊರಿನಲ್ಲೇ ಮುಂದಿನ ವರ್ಷಗಳೂ ಕಳೆಯುವ ಸಾಧ್ಯತೆ ಇದೆ. ಅಲ್ಲಿಗೆ ಸಾಗಿಸಿದ ಸಾಮಾನು ಮತ್ತೆ ಲಾರಿ ಹತ್ತದೆ ಇರಬಹುದು. ಐಎನ್‌ಎಚ್‌ಎಸ್ ಕಲ್ಯಾಣಿ ದೊಡ್ಡ ಆಸ್ಪತ್ರೆ. ತೆಲುಗು ಬೋರ್ಡುಗಳನ್ನು ನಾವು ತಡವರಿಸಿಯಾದರೂ ಓದುತ್ತೇವೆ, ಬಳ್ಳಾರಿ ರಾಯಚೂರಿನವರಿಗಂತೂ ಹೇಳುವುದೇ ಬೇಡ. ಮುಂದಿನ ಡ್ರಾಫ್ಟ್ ಮುಂಬೈ ಆಗುವ ಸೂಚನೆಯಿದ್ದರೆ ಮಾತ್ರ ತಡೆಯಿರಿ.

ಇದ್ದ ಕ್ವಾರ್ಟರ್ಸ್‌ನಲ್ಲೇ ಉಳಿಯುವುದು

ಕೋರ್ಸ್ ತಾತ್ಕಾಲಿಕವಾಗಿದ್ದು, ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಬಹುಪಾಲು ಮನೆಗಳಿಗೆ ಇದೇ ಸರಿಯಾದ ಉತ್ತರ. ಹೆಚ್ಚಿಗೆ ಖರ್ಚಿಲ್ಲ. ನೇವಿ ಚಿಲ್ಡ್ರನ್ ಸ್ಕೂಲ್ ಆಗಲಿ ಕೇಂದ್ರೀಯ ವಿದ್ಯಾಲಯವಾಗಲಿ ಇದ್ದಂತೆ ನಡೆಯುತ್ತದೆ. ಕ್ಯಾಂಟೀನ್ ಇದೆ, ಕಾರವಾರದಲ್ಲಿ ಐಎನ್‌ಎಚ್‌ಎಸ್ ಪತಂಜಲಿ ಇದೆ. ನಲ್ಲಿ ಸೋರಿದರೆ ಕ್ವಾರ್ಟರ್ಸ್ ದುರಸ್ತಿ ನೋಡಿಕೊಳ್ಳುವ ಎಂಇಎಸ್‌ನವರ ದೂರು ಪುಸ್ತಕದಲ್ಲಿ ಬರೆದರೆ ಇವತ್ತಲ್ಲ ನಾಳೆ ಯಾರಾದರೂ ಬರುತ್ತಾರೆ. ಇದಕ್ಕಿಂತ ಹೆಚ್ಚಿನದು ಅಕ್ಕಪಕ್ಕ. ಹಡಗು ಹೊರಟಾಗ ಗಂಡನಿಲ್ಲದೆ ಮನೆ ನಡೆಸುವುದು ಆ ಬಿಲ್ಡಿಂಗಿನ ಎಲ್ಲರಿಗೂ ರೂಢಿ. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ತಟ್ಟಲು ಸಂಕೋಚಪಡಬೇಕಿಲ್ಲ, ತಟ್ಟಿಸಿಕೊಂಡವರೂ ಮುಖ ಸಿಂಡರಿಸುವುದಿಲ್ಲ. ನೌಕಾಪಡೆಯ ಕುಟುಂಬಗಳ ಸಂಘಟನೆ ಎನ್‌ಡಬ್ಲ್ಯುಡಬ್ಲ್ಯುಎ ಕಡೆಯಿಂದ ಬಾಲವಾಡಿ, ತರಗತಿಗಳಂತಹ ಆಸರೆಯೂ ಇರುತ್ತದೆ. ಹೊಸ ಊರಿನಲ್ಲಿ ಐದು ತಿಂಗಳಲ್ಲಿ ಇಂಥ ಅಕ್ಕಪಕ್ಕ ಬೆಳೆಯುವುದಿಲ್ಲ.

ಇದರ ಕೊರತೆಗಳೂ ಸಣ್ಣವಲ್ಲ. ಗಂಡ ಸಮುದ್ರದಲ್ಲಿಲ್ಲ, ನೆಲದ ಮೇಲೇ ಇದ್ದಾರೆ, ಆದರೂ ಬೇರೆ ಇರಬೇಕು ಎಂಬುದು ಹಡಗಿನ ಅಗಲಿಕೆಗಿಂತ ಹೆಚ್ಚು ಕೆಣಕುತ್ತದೆ. ಹಡಗಿನಲ್ಲಿದ್ದಾಗ ಫೋನ್ ಬರುವುದಿಲ್ಲ ಎಂದು ಮನಸ್ಸು ಒಪ್ಪಿರುತ್ತದೆ. ಕೋರ್ಸ್‌ನಲ್ಲಿದ್ದಾಗ ದಿನಾ ಫೋನ್ ಬರುತ್ತದೆ, ನಾಳೆ ಪರೀಕ್ಷೆ ಇದೆ ಎಂದು ಐದು ನಿಮಿಷಕ್ಕೆ ಕಟ್ಟಾಗುತ್ತದೆ, ಅಲ್ಲಿಂದ ಶುರುವಾಗುತ್ತದೆ ಜಗಳ. ಮಾತಿಗೆ ವಾರದಲ್ಲಿ ಎರಡು ನಿಗದಿತ ಹೊತ್ತು ಇಟ್ಟುಕೊಂಡ ದಂಪತಿ ಇದರಿಂದ ಬಹಳ ಮಟ್ಟಿಗೆ ಪಾರಾಗುತ್ತಾರೆ.

ಕೋರ್ಸ್ ಕಾಯಂ ವರ್ಗಾವಣೆಯಾಗಿದ್ದರೆ ಕ್ವಾರ್ಟರ್ಸ್ ತಾನಾಗಿ ಉಳಿಯುವುದಿಲ್ಲ. ಎಷ್ಟು ತಿಂಗಳು ಉಳಿಸಿಕೊಳ್ಳಬಹುದು, ಯಾವ ಕಾರಣಕ್ಕೆ, ಅರ್ಜಿ ಯಾವಾಗ ಕೊಡಬೇಕು ಎಂಬುದನ್ನು ಅವರು ಹೊರಡುವ ಮೊದಲೇ ಡಿವಿಜನಲ್ ಆಫೀಸರ್ ಮೂಲಕ ಬರವಣಿಗೆಯಲ್ಲಿ ಕೇಳಬೇಕು. ‘ಯಾರೂ ಏನೂ ಕೇಳುವುದಿಲ್ಲ, ಇರಿ’ ಎಂಬ ಬಾಯಿಮಾತನ್ನು ನಂಬಿ ಕುಳಿತರೆ, ಅವಧಿ ಮೀರಿದ ಮೇಲೆ ದಂಡದ ಬಾಡಿಗೆ ಸಂಬಳದಿಂದ ಕಡಿತವಾಗುತ್ತದೆ.

ಊರಿಗೆ ಮರಳುವುದು

ಹೊಸದಾಗಿ ಮದುವೆಯಾದವರಿಗೂ ಬಸುರಿಯರಿಗೂ ಮನೆಯವರು ಮೊದಲು ಹೇಳುವುದು ಇದನ್ನೇ. ಬಸುರಿಯರ ವಿಷಯದಲ್ಲಿ ನಾನು ಮನೆಯವರ ಕಡೆ. ಕುಬಸ ಮುಗಿಸಿಕೊಂಡು ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ ಎಂಬ ಕಾರಣಕ್ಕಷ್ಟೇ ಅಲ್ಲ. ಕೋರ್ಸ್‌ನಲ್ಲಿರುವ ಗಂಡನಿಗೆ ಪರೀಕ್ಷೆಯ ವಾರದಲ್ಲಿ ರಜೆ ಸಿಗುವುದು ಕಷ್ಟ, ಹೊಸ ಊರಿನಲ್ಲಿ ಆಸ್ಪತ್ರೆಗೆ ಕರೆದೊಯ್ಯಲು ಬೇರೆ ಯಾರೂ ಇರುವುದಿಲ್ಲ. ಅವಲಂಬಿತರ ಕಾರ್ಡು ಇದ್ದರೆ ಯಾವ ಸೇನಾ ಆಸ್ಪತ್ರೆಗಾದರೂ ಹೋಗಬಹುದು. ಬೆಳಗಾವಿಯವರಿಗೆ ಮರಾಠಾ ರೆಜಿಮೆಂಟಿನ ಊರಿನಲ್ಲೇ ಮಿಲಿಟರಿ ಆಸ್ಪತ್ರೆ ಇದೆ, ಬೆಂಗಳೂರಿನಲ್ಲಿ ವಾಯುಪಡೆಯ ಕಮಾಂಡ್ ಆಸ್ಪತ್ರೆ ಇದೆ. ಕಾರ್ಡು, ಹಿಂದಿನ ತಪಾಸಣೆಯ ಕಾಗದ, ಸ್ಕ್ಯಾನ್ ವರದಿ ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಕೊಂಡು ಏಳನೆಯ ತಿಂಗಳಿಗೆ ಮೊದಲೇ ಒಮ್ಮೆ ಹೋಗಿ ಹೆಸರು ನೋಂದಾಯಿಸಿ ಬನ್ನಿ.

ಅತ್ತೆಯ ಮನೆಯ ವಿಷಯ ಸ್ವಲ್ಪ ನಾಜೂಕು. ಮೂರು ನಾಲ್ಕು ವರ್ಷ ತನ್ನದೇ ಅಡುಗೆಮನೆ ನಡೆಸಿದವಳು ಇನ್ನೊಬ್ಬರ ಅಡುಗೆಮನೆಗೆ ಮರಳಿದಾಗ ಎರಡೂ ಕಡೆ ಕಸಿವಿಸಿ. ಅದು ಅತ್ತೆಯ ತಪ್ಪೂ ಅಲ್ಲ, ಸೊಸೆಯ ತಪ್ಪೂ ಅಲ್ಲ. ಇದರಲ್ಲಿ ಹೆಚ್ಚಿನ ಜಗಳ ನಡೆಯುವುದು ದುಡ್ಡಿನ ಸುತ್ತ. ಗಂಡ ಕಳುಹಿಸುವ ಹಣ ಯಾರ ಖಾತೆಗೆ ಬರುತ್ತದೆ, ಮನೆಖರ್ಚಿಗೆ ಎಷ್ಟು, ಹೆಂಡತಿ ಮಕ್ಕಳಿಗೆ ಎಷ್ಟು ಎಂಬುದು ಅವರು ರೈಲು ಹತ್ತುವ ಮೊದಲೇ, ಎಲ್ಲರೂ ಕುಳಿತಿರುವಾಗ, ಅವರ ಬಾಯಿಂದಲೇ ಬರಬೇಕು. ನಂತರ ಫೋನಿನಲ್ಲಿ ಬಂದರೆ ಸೊಸೆ ಹೇಳಿಕೊಟ್ಟದ್ದು ಎಂದಾಗುತ್ತದೆ. ಜಂಟಿ ಖಾತೆಯ ಕಾರ್ಡು ನಿಮ್ಮ ಕೈಯಲ್ಲಿರಲಿ.

ಮಕ್ಕಳು ಶಾಲೆಗೆ ಹೋಗುವವರಾಗಿದ್ದರೆ ಮಾತ್ರ ಊರಿಗೆ ಮರಳುವ ಆಯ್ಕೆಯನ್ನು ನಾನು ಕೊನೆಗೆ ಇಡುತ್ತೇನೆ. ಕೇಂದ್ರೀಯ ವಿದ್ಯಾಲಯದ ವರ್ಷ ಏಪ್ರಿಲ್‌ನಲ್ಲಿ ಶುರು, ನಮ್ಮ ರಾಜ್ಯ ಪಠ್ಯದ ಶಾಲೆ ಮೇ ಕೊನೆಗೋ ಜೂನ್‌ಗೋ. ನಡುವರ್ಷ ಬಿಡಿಸಿ ಸೇರಿಸಿದರೆ ಮಗು ಎರಡೂ ಕಡೆಯ ಪಾಠ ಕಳೆದುಕೊಳ್ಳುತ್ತದೆ. ಮುಂಬೈಯಲ್ಲೋ ವಿಶಾಖಪಟ್ಟಣದಲ್ಲೋ ಹಿಂದಿ ಇಂಗ್ಲಿಷ್ ಕಲಿತ ನಾಲ್ಕನೇ ತರಗತಿಯ ಮಗು ಕನ್ನಡ ಶಾಲೆಯಲ್ಲಿ ಒತ್ತಕ್ಷರದ ಮುಂದೆ ಕಣ್ಣೀರು ಹಾಕುತ್ತದೆ. ಆದರೆ ಮಗು ಇನ್ನೂ ಅಂಗನವಾಡಿ, ಎಲ್‌ಕೆಜಿ ವಯಸ್ಸಿನದಾಗಿದ್ದರೆ ಲೆಕ್ಕ ತಿರುಗುತ್ತದೆ. ಅಜ್ಜ ಅಜ್ಜಿಯ ಜೊತೆ ಆರು ತಿಂಗಳಿದ್ದ ಮಗುವಿನ ಬಾಯಲ್ಲಿ ಬರುವ ಕನ್ನಡ ಯಾವ ಕಾಲೊನಿಯಲ್ಲೂ ಸಿಗುವುದಿಲ್ಲ.

ಬೆಳಗಾವಿಯಲ್ಲೋ ಧಾರವಾಡದಲ್ಲೋ ಬೇರೆ ಮನೆ

ಗೋಕಾಕ, ಹುಕ್ಕೇರಿ, ಖಾನಾಪುರ ಕಡೆಯ ಸೈನಿಕರ ಮನೆಗಳಲ್ಲಿ ಇದು ಹಳೆಯ ರೂಢಿ. ಹಳ್ಳಿಯಲ್ಲಿ ಹಿರಿಯರು, ಪೇಟೆಯಲ್ಲಿ ಹೆಂಡತಿ ಮಕ್ಕಳು, ಗಂಡ ಎಲ್ಲಿ ಡ್ಯೂಟಿಯೋ ಅಲ್ಲಿ. ಒಂದು ಕೋರ್ಸಿಗಾಗಿ ಇಷ್ಟು ದೊಡ್ಡ ಹೆಜ್ಜೆ ಬೇಡ. ಆದರೆ ದೊಡ್ಡ ಮಗು ಎಂಟನೇ ತರಗತಿಗೆ ಬಂದಿದ್ದರೆ, ಯಜಮಾನರಿಗೆ ಇನ್ನೂ ಹಲವು ವರ್ಷದ ಸೇವೆ ಇದ್ದರೆ, ಕೋರ್ಸ್ ಒಂದು ನೆಪವಾಗಿ ಇದನ್ನು ಯೋಚಿಸಬಹುದು. ಸಿಬಿಎಸ್‌ಇಯಲ್ಲಿ ಒಂಬತ್ತಕ್ಕೆ ನೋಂದಣಿ ಆದ ಮೇಲೆ ಹತ್ತರಲ್ಲಿ ಶಾಲೆ ಬದಲಿಸುವುದು ತಂದೆ ತಾಯಿಯ ವರ್ಗಾವಣೆಯಂತಹ ಕಾರಣಕ್ಕೆ ಮಾತ್ರ, ಅದಕ್ಕೂ ಕಾಗದ ಪತ್ರ ಬೇಕು. ತಾತ್ಕಾಲಿಕ ಡ್ಯೂಟಿಯ ಆದೇಶ ಹಿಡಿದು ಹೋದರೆ ಪ್ರಾಂಶುಪಾಲರು ಕೈಚೆಲ್ಲಬಹುದು. ಒಂಬತ್ತು, ಹತ್ತು, ಪಿಯುಸಿ, ಈ ನಾಲ್ಕು ವರ್ಷ ಒಂದೇ ಊರಿನಲ್ಲಿ ಕಳೆದರೆ ಮಗು ಗೆದ್ದಂತೆ. ಇಬ್ಬರು ಮಕ್ಕಳವರೆಗೆ ಸಿಗುವ ಶಿಕ್ಷಣ ಭತ್ಯೆ ಮಗುವಿಗೆ ತಿಂಗಳಿಗೆ 2,812 ರೂಪಾಯಿ 50 ಪೈಸೆ, ಅದು ಯಾವ ಊರಿನಲ್ಲಿದ್ದರೂ ಬರುತ್ತದೆ.

ನೀವು ಕೆಲಸದಲ್ಲಿದ್ದರೆ ಈ ಆಯ್ಕೆ ಇನ್ನೂ ಗಟ್ಟಿ. ರಾಜ್ಯ ಸರ್ಕಾರದ ಶಾಲೆಯ ಶಿಕ್ಷಕಿಗೆ ಕೊಚ್ಚಿಗೆ ವರ್ಗಾವಣೆ ಎಂಬುದಿಲ್ಲ, ಸಂಬಳವಿಲ್ಲದ ರಜೆಯೇ ಗತಿ. ನರ್ಸ್ ಆದವರು ಬೇರೆ ರಾಜ್ಯದಲ್ಲಿ ಕೆಲಸ ಮಾಡಲು ಆ ರಾಜ್ಯದ ಕೌನ್ಸಿಲಿನಲ್ಲಿ ಮತ್ತೆ ನೋಂದಾಯಿಸಬೇಕು, ಆ ಕಾಗದ ಬರುವಷ್ಟರಲ್ಲಿ ಕೋರ್ಸ್ ಮುಗಿದಿರುತ್ತದೆ. ಕೇಂದ್ರ ಸರ್ಕಾರದ ನೌಕರಿಯಲ್ಲಿರುವವರಿಗೆ ಗಂಡ ಹೆಂಡತಿಯನ್ನು ಆದಷ್ಟು ಒಂದೇ ಊರಿನಲ್ಲಿಡುವ ನೀತಿ ಇದೆ. ಅದನ್ನು ಕೋರ್ಸಿಗೆ ಖರ್ಚು ಮಾಡಬೇಡಿ, ಮುಂದಿನ ಡ್ರಾಫ್ಟಿಗೆ ಉಳಿಸಿಕೊಳ್ಳಿ. ಒಮ್ಮೆ ಕೇಳಿ ಪಡೆದವರು ಆರು ತಿಂಗಳಿಗೆ ಮತ್ತೆ ಕೇಳಿದರೆ ಯಾವ ಕಚೇರಿಯೂ ನಗುಮುಖ ತೋರಿಸುವುದಿಲ್ಲ.

ನಡುವಿನ ದಾರಿ

ಮನೆ ಸಾಗಿಸದೆ ನಡುವೆ ಭೇಟಿ ಕೊಡುವುದನ್ನು ಒಂದು ಆಯ್ಕೆ ಎಂದೇ ಯಾರೂ ಎಣಿಸುವುದಿಲ್ಲ. ಆರು ತಿಂಗಳೊಳಗಿನ ಕೋರ್ಸಿಗೆ, ಅದರಲ್ಲೂ ಕೊಚ್ಚಿ ಮತ್ತು ಲೋನಾವಳಕ್ಕೆ, ನಾನು ಮೊದಲು ಸೂಚಿಸುವುದು ಇದನ್ನೇ. ದಸರಾ ರಜೆಯಲ್ಲಿ ಹತ್ತು ಹನ್ನೆರಡು ದಿನ, ಆಮೇಲೆ ಒಂದೆರಡು ಉದ್ದದ ವಾರಾಂತ್ಯ. ನೆಲೆಯಲ್ಲಿ ಕುಟುಂಬಕ್ಕೆ ಟ್ರಾನ್ಸಿಟ್ ವಸತಿ ಸಿಗುತ್ತದೆಯೇ ಎಂದು ಅವರು ಸೇರಿದ ವಾರವೇ ಕೇಳಿ ಹೆಸರು ಹಚ್ಚಲಿ. ಸಿಗದಿದ್ದರೆ ಕೋಣೆ ಬಾಡಿಗೆಗೆ ಹಿಡಿದರೂ ಮನೆ ಸಾಗಣೆಯ ಅರ್ಧ ಖರ್ಚೂ ಆಗುವುದಿಲ್ಲ. ರೈಲಿಗೆ ಈಗ 60 ದಿನ ಮೊದಲು ಮಾತ್ರ ಕಾದಿರಿಸಬಹುದು, ಹಬ್ಬದ ಟಿಕೆಟ್ ತೆರೆದ ಬೆಳಿಗ್ಗೆಯೇ ಮುಗಿಯುತ್ತದೆ. ಪರೀಕ್ಷೆಯ ವೇಳಾಪಟ್ಟಿ ಕೈಗೆ ಬಂದ ದಿನವೇ ದಿನಾಂಕ ಗೊತ್ತುಮಾಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆ, ಗಾಡಿಗಳು ನಿಧಾನ. ರಸ್ತೆಯನ್ನು ನಂಬಿಕೊಳ್ಳುವುದಂತೂ ಬೇಡ. 2024ರ ಜುಲೈಯಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿದ್ದು ಕಾರವಾರದವರು ಮರೆತಿಲ್ಲ.

ಈ ದಾರಿ ಹೊಸ ದಂಪತಿಗೆ ಒಗ್ಗುವುದಿಲ್ಲ. ಮದುವೆಯಾಗಿ ವರ್ಷವಾಗಿಲ್ಲ, ಮಕ್ಕಳಿಲ್ಲ, ಸಾಮಾನೂ ಎರಡು ಸೂಟ್‌ಕೇಸಿನಷ್ಟು ಎಂದಾದರೆ ಮೇಲಿನ ಲೆಕ್ಕವನ್ನೆಲ್ಲ ಪಕ್ಕಕ್ಕಿಟ್ಟು ಹೋಗಿಬಿಡಿ. ಲಿವಿಂಗ್ ಔಟ್ ಅನುಮತಿ ಇದೆಯೇ ಎಂಬುದೊಂದನ್ನು ಮಾತ್ರ ಖಚಿತಪಡಿಸಿಕೊಳ್ಳಿ. ಮಂಚ, ಗ್ಯಾಸು ಇರುವ ಒಂದು ಕೋಣೆ ಸಾಕು, ಮುಂದೆ ಹಡಗು ಸಿಕ್ಕ ಮೇಲೆ ಈ ಐದು ತಿಂಗಳು ಮತ್ತೆ ಬರುವುದಿಲ್ಲ. ಎರಡನೆಯ ತರಗತಿಯವರೆಗಿನ ಮಕ್ಕಳಿದ್ದು, ಕೋರ್ಸ್ ವರ್ಗಾವಣೆಯ ಮೇಲಿನದಾಗಿ, ಕ್ವಾರ್ಟರ್ಸ್ ಬೇಗ ಸಿಗುವಂತಿದ್ದರೆ ಆಗಲೂ ಹೋಗುವುದು ಒಳ್ಳೆಯದೇ. ಹಿರಿಯರಲ್ಲಿ ಒಬ್ಬರಿಗೆ ಆಪರೇಷನ್ನೋ ಡಯಾಲಿಸಿಸ್ಸೋ ನಡೆಯುತ್ತಿದ್ದರೆ ಊರು ಬಿಡಬೇಡಿ, ಜಾಮ್‌ನಗರದಲ್ಲಿ ಕುಳಿತು ಫೋನ್ ರಿಂಗಣಿಸಿದಾಗಲೆಲ್ಲ ಬೆಚ್ಚುವ ಹೆಂಡತಿಯಿಂದ ಓದುವ ಗಂಡನಿಗೂ ನೆಮ್ಮದಿಯಿಲ್ಲ.

ಹೋಗುವುದೆಂದು ನಿರ್ಧರಿಸಿದವರಿಗೆ ಕೆಲವು ಸಣ್ಣ ವಿಷಯಗಳು. ಮೂವ್‌ಮೆಂಟ್ ಆರ್ಡರ್ ಫೋಟೋ ತೆಗೆದು ಮನೆ ದಲ್ಲಾಳಿಗೋ ವಾಟ್ಸಾಪ್ ಗುಂಪಿಗೋ ಕಳುಹಿಸಬೇಡಿ, ಹಡಗಿನ ಹೆಸರು, ದಿನಾಂಕ ಹೊರಗೆ ಹೋಗಬಾರದು. ಮನೆಯ ಮಾಲೀಕರಿಗೆ ನೌಕಾಪಡೆಯವರು ಎಂದಷ್ಟು ತಿಳಿದರೆ ಸಾಕು, ಗುರುತಿಗೆ ಆಧಾರ್ ಕೊಡಿ. ಮಗುವಿನ ವರ್ಗಾವಣೆ ಪತ್ರವನ್ನು ಹೊಸ ಶಾಲೆಯಲ್ಲಿ ಸೀಟು ಖಚಿತವಾಗುವವರೆಗೆ ತೆಗೆಸಬೇಡಿ. ಫ್ರಿಜ್ಜು, ಅಲ್ಮೇರಾ ಬಿಟ್ಟು ಹೋಗಿ, ಬಾಡಿಗೆಗೂ ಸಿಗುತ್ತವೆ. ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದು, ಮಧ್ಯೆ ಬಿಟ್ಟರೆ ಮುಂಗಡದಲ್ಲಿ ಕಡಿತ ಎಂದು ಬರೆದಿರುತ್ತಾರೆ. ಕೋರ್ಸ್ ಬೇಗ ಮುಗಿಯಬಹುದು, ದಿನಾಂಕ ಮುಂದೆ ಹೋಗಬಹುದು, ಡ್ರಾಫ್ಟ್ ನಡುವೆಯೇ ಬರಬಹುದು. ಸೇವಾ ಆದೇಶ ಬಂದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು, ಮುಂಗಡ ಪೂರ್ತಿ ವಾಪಸ್ ಎಂಬ ಸಾಲನ್ನು ಸಹಿ ಹಾಕುವ ಮೊದಲೇ ಸೇರಿಸಿಕೊಳ್ಳಿ. ಒಪ್ಪದ ಮಾಲೀಕರಿದ್ದರೆ ಆ ಮನೆ ಎಷ್ಟೇ ಚೆನ್ನಾಗಿದ್ದರೂ ಮುಂದಿನದನ್ನು ನೋಡಿ.